ಕಣ್ಣಕ್ಕನ ಕುರ್ಚಿ

ನಮ್ಮ ಬಾಟಲಿ ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ದೀಪದ ಪರದೆಯ ಮುಂದೆ ಸಾಗುವ ಬಾಟಲಿಗಳಲ್ಲಿ ಬಿರುಕು ಹುಡುಕುವವರು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕುರ್ಚಿ ಬಿಟ್ಟುಕೊಡಬೇಕು. ಕಣ್ಣು ಸೋಲುತ್ತದೆ ಎಂಬುದು ಮಾಲೀಕರಿಗೂ ಗೊತ್ತು. ಮನಸ್ಸೂ ಸೋಲುತ್ತದೆ ಎಂದರೆ ಮಾತ್ರ ಅವರಿಗೆ ಕಿವಿ ಕೇಳಿಸುವುದಿಲ್ಲ.

ಹತ್ತೊಂಬತ್ತು ವರ್ಷದಿಂದ ಆ ಕೆಲಸ ಮಾಡುತ್ತಿರುವವಳನ್ನು ನಾವು ಕಣ್ಣಕ್ಕ ಎನ್ನುತ್ತೇವೆ. ಕೂದಲೆಳೆಯಷ್ಟು ಬಿರುಕೂ ಅವಳಿಂದ ತಪ್ಪಿಸಿಕೊಂಡದ್ದಿಲ್ಲ. "ಬಾಟ್ಲಿ ನೋಡೇ, ಗಡಿಯಾರ ಅಲ್ಲ" ಅಂತ ಬೆನ್ನಿಗೆ ಗುದ್ದಿ ನನಗೆ ಕೆಲಸ ಕಲಿಸಿದವಳೂ ಅವಳೇ. ತಂಗಿ ಸತ್ತ ನಾಲ್ಕನೇ ದಿನಕ್ಕೇ ಅವಳನ್ನು ಕೆಲಸಕ್ಕೆ ಕರೆಸಿಕೊಂಡರು. ವಾರದೊಳಗೆ ಅವಳಿಗೆ ಪ್ರತಿ ಬಾಟಲಿಯಲ್ಲೂ ಬಿರುಕು ಕಾಣತೊಡಗಿತು. ಒಳ್ಳೆಯವನ್ನೂ ತೆಗೆದು ತೆಗೆದು ಒಡಕಿನ ತೊಟ್ಟಿ ತುಂಬಿಸಿದಳು. ಕೊನೆಗೆ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಓಡಿಬಂದ ಮ್ಯಾನೇಜರ್ ಮೊದಲು ನೋಡಿದ್ದು ತೊಟ್ಟಿಯನ್ನು.

ವೈದ್ಯೆ ಎರಡು ತಿಂಗಳ ವಿಶ್ರಾಂತಿ ಬರೆದರು. ಆ ಚೀಟಿ ಹಿಡಿದು ನಾನೂ ಅವಳ ಜೊತೆ ಮ್ಯಾನೇಜರನ ಕೋಣೆಗೆ ಹೋದೆ. ಅವನ ಹಿಂದಿನ ಗೋಡೆಯ ಮೇಲೆ 'ನಿಮ್ಮ ನೆಮ್ಮದಿಯೇ ನಮ್ಮ ಸಂಪತ್ತು' ಎಂಬ ಪೋಸ್ಟರಿತ್ತು. ಮಾತಿಗೇನು ಸುಂಕ ಕೊಡಬೇಕೆ?

"ರಾಜೀನಾಮೆ ಕೊಟ್ಟು ಆರಾಮಾಗಿರಮ್ಮ. ಸರಿಹೋದ್ಮೇಲೆ ನೋಡೋಣ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ಫಿಟ್ಟರ್ ಕಾಲು ಮುರ್ಕೊಂಡಾಗ ಮೂರು ತಿಂಗಳು ಅವನ ಕೆಲಸ ಕಾದಿಟ್ರಿ. ಹಣ್ಣು ಹಿಡ್ಕೊಂಡು ಮನೆಗೂ ಹೋಗಿದ್ರಿ. ಇವಳೇನು ಪಾಪ ಮಾಡಿದ್ಲು?"

"ಮುರಿದ ಕಾಲು ಎಕ್ಸ್‌ರೇಲಿ ಕಾಣ್ಸುತ್ತೆ. ಇದು ಕಾಣ್ಸಲ್ವಲ್ಲ. ಕುರ್ಚಿ ಖಾಲಿ ಬಿಡೋಕಾಗುತ್ತಾ?"

ಯಾರಿಗೂ ಕಾಣದ ಬಿರುಕು ಹುಡುಕುವುದಕ್ಕೇ ನಮ್ಮನ್ನು ಇಟ್ಟುಕೊಂಡವನು ಆಡುವ ಮಾತೇ ಇದು?

ಕಣ್ಣಕ್ಕ ಆಗಲೇ ಪೆನ್ನು ಕೈಗೆತ್ತಿಕೊಂಡಿದ್ದಳು. ನಾನು ಕಿತ್ತುಕೊಂಡೆ. "ಕುರ್ಚಿ ಖಾಲಿ ಇರಲ್ಲ. ಅವಳ ಸರದಿ ನಾವು ಐದು ಜನ ಹಂಚ್ಕೋತೀವಿ. ಒಂದು ಒಡಕು ಬಾಟ್ಲಿ ಹೊರಗೆ ಹೋದ್ರೂ ನನ್ನೂ ಮನೆಗೆ ಕಳ್ಸಿ."

ಗೊಣಗುತ್ತಲೇ ಒಪ್ಪಿದ. ಎರಡು ತಿಂಗಳು ನಮ್ಮ ಬಿಡುವನ್ನು ಕತ್ತರಿಸಿ ಅವಳ ಕೆಲಸ ಉಳಿಸಿದೆವು. ಕಂಪನಿ ಕೊಡಬೇಕಾದ ರಜೆಯನ್ನು ನಮ್ಮ ಕಣ್ಣುಗಳು ಕೊಟ್ಟವು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅವಳು ಮರಳಿದ ದಿನ ಮ್ಯಾನೇಜರ್ ಅವಳ ಬೆನ್ನ ಹಿಂದೆಯೇ ನಿಂತ. ಹತ್ತು ನಿಮಿಷವಾದ ಮೇಲೆ ಅವಳು ಒಂದು ಬಾಟಲಿ ಎತ್ತಿ ಪಕ್ಕಕ್ಕಿಟ್ಟಳು. ನಾನು ಕೆಲಸ ಬಿಟ್ಟು ಅತ್ತ ತಿರುಗಿದೆ.

"ಶುರುವಾಯ್ತಾ ಮತ್ತೆ?" ಎನ್ನುತ್ತಾ ಅವನು ಅದನ್ನು ದೀಪಕ್ಕೆ ಹಿಡಿದು ತಿರುಗಿಸಿದ. "ಏನೂ ಇಲ್ವಲ್ಲ."

"ಓರೆ ಹಿಡೀರಿ ಸಾರ್. ಕುತ್ತಿಗೆ ಕೆಳಗೆ" ಎಂದಳು ಕಣ್ಣಕ್ಕ, ಪರದೆಯಿಂದ ಕಣ್ಣು ತೆಗೆಯದೆ.

ಅವನು ಓರೆ ಹಿಡಿದ. ಕೂದಲೆಳೆಯಷ್ಟು ಸಣ್ಣ ಗೆರೆ ಹೊಳೆಯಿತು.

"ಕಾಣ್ಸುತ್ತಾ ಸಾರ್?" ಎಂದು ಕೇಳಿದೆ ನಾನು.