ಆಯಾ ಮಾಬೂಬಿಯ ಸಿಟ್ಟು

ಮಾಬೂಬಿ ನರ್ಸಾದದ್ದು ಸಿಟ್ಟಿನಿಂದ. ಊರಿನವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗಂಡ ಓದಿಸಿದ ಎಂದು ಕೆಲವರು, ಡಾಕ್ಟರು ದಾರಿ ತೋರಿಸಿದರು ಎಂದು ಕೆಲವರು. ಧೈರ್ಯ ತುಂಬಿದ್ದು ಖಾನಾವಳಿಯ ಅಮ್ಮ ಎಂದು ನನ್ನನ್ನು ಹೊಗಳುವವರೂ ಇದ್ದಾರೆ. ಸುಳ್ಳು. ಹೋಗಬೇಡ ಎಂದವಳೇ ನಾನು.

ಕೊಟ್ಟೂರಿನಲ್ಲಿ ಆಗ ಒಂದು ಸಣ್ಣ ಹೆರಿಗೆ ದವಾಖಾನೆ ಇತ್ತು. ಅದರ ಹಿಂದಿನ ಗೋಡೆಗೆ ಹತ್ತಿಕೊಂಡು ನನ್ನ ಖಾನಾವಳಿಯ ಒಲೆ. ಮಾಬೂಬಿ ಆ ದವಾಖಾನೆಯಲ್ಲಿ ಆಯಾ. ಗಿಡ್ಡಕ್ಕೆ, ಗಟ್ಟಿಮುಟ್ಟಾಗಿದ್ದಳು. ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು ಓಡಿದರೂ ಒಂದು ಹನಿ ತುಳುಕುತ್ತಿರಲಿಲ್ಲ. ನೆಲ ಒರೆಸುವುದು, ಬಟ್ಟೆ ಒಗೆಯುವುದು ಆಕೆಯ ಕೆಲಸ ಎಂದು ಹೇಳಿಕೆ. ಆದರೆ ಹನ್ನೊಂದು ವರ್ಷ ಅಲ್ಲಿನ ಅರ್ಧ ಹೆರಿಗೆಗಳನ್ನು ಮಾಡಿಸಿದ್ದು ಆಕೆಯೇ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂಸಿನ ತಲೆ ಎಲ್ಲಿದೆ ಎಂದು ಹೇಳುತ್ತಿದ್ದಳು. ಕಿರುಚುವವರನ್ನು ಬೈದೇ ಸಮಾಧಾನ ಮಾಡುತ್ತಿದ್ದಳು: "ಒದರಬ್ಯಾಡವ್ವ, ಆ ಉಸುರು ಕೆಳಗ ತಳ್ಳು. ಎಷ್ಟು ಒದರಿದ್ರೂ ಕೂಸು ಬಾಯಾಗಿಂದ ಬರಂಗಿಲ್ಲ."

ಗಡಿಯಾರ ಡಾಕ್ಟರ ಕೋಣೆಯಲ್ಲಿತ್ತು. ಹೆರಿಗೆ ಕೋಣೆಗೆ ನನ್ನ ರೊಟ್ಟಿಯೇ ಗಡಿಯಾರ. ಬಡಿಯುವ ಸದ್ದು ಗೋಡೆಯಾಚೆ ಕೇಳುತ್ತಿತ್ತಲ್ಲ, ನಾಲ್ಕು ರೊಟ್ಟಿಗೊಂದು ನೋವು ಬಂದರೆ ಇನ್ನೂ ಹೊತ್ತಿದೆ, ಎರಡು ರೊಟ್ಟಿಗೊಂದು ಬಂದರೆ ಡಾಕ್ಟರನ್ನು ಕರೆಯಬೇಕು. ಊಟದ ಹೊತ್ತು ಮುಗಿದು ನಾನು ಕೈ ತೊಳೆದರೆ ಆಚೆಯಿಂದ ಮಾಬೂಬಿಯ ಕೂಗು. ನನ್ನನ್ನು ಅತ್ತಿ ಎಂದೇ ಕರೆಯುತ್ತಿದ್ದಳು.

"ಅತ್ತೀ, ಯಾಕ ನಿಂತ್ರಿ? ಬಡೀರಿ!"

"ಹಿಟ್ಟು ಮುಗದೈತಿ ಲೇ!"

"ಬರೇ ಹಲಗಿ ಬಡೀರಿ!"

ನಾನು ಹುಚ್ಚಿಯ ಹಾಗೆ ಬರಿ ಹಲಗೆ ಬಡಿಯುತ್ತಿದ್ದೆ.

ಆಮೇಲೆ ಸರ್ಟಿಫಿಕೇಟ್ ಇದ್ದ ಸಿಸ್ಟರೊಬ್ಬಳು ಬಂದಳು. ಬಿಳಿ ಸೀರೆಯ ಸಣ್ಣ ಹುಡುಗಿ, ಕೆಟ್ಟವಳೇನಲ್ಲ. ಒಂದು ಮಧ್ಯಾಹ್ನ ಕೋಗಳಿಯ ಬಸುರಿಯೊಬ್ಬಳನ್ನು ಕರೆತಂದರು. ಡಾಕ್ಟರು ಹರಪನಹಳ್ಳಿಗೆ ಹೋಗಿದ್ದರು. ಹೊಕ್ಕುಳಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಂಡಿತ್ತು. ಸಿಸ್ಟರ್ ಹೆದರಿ ಗೋಡೆಗೆ ಆತು ನಿಂತಳು. ಬಳ್ಳಿ ಸರಿಸಿ, ಕೂಸನ್ನು ಹಿಡಿದು, ಬೆನ್ನು ತಿಕ್ಕಿ ಅಳಿಸಿದ್ದು ಮಾಬೂಬಿ.

ಕೂಸನ್ನು ಮೊದಲು ಕೈಯಲ್ಲಿ ಹಿಡಿದವಳಿಗೆ ಐದನೆಯ ದಿನ ಕುಪ್ಪಸದ ಖಣ, ಕೊಬ್ಬರಿ, ಅಕ್ಕಿ ಹಾಕಿ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಕೋಗಳಿಯವರು ತಂದರು. ಬಿಳಿ ಸೀರೆ ನೋಡಿ ಸಿಸ್ಟರಿನ ಉಡಿ ತುಂಬಿದರು. ಆಕೆ ಸುಮ್ಮನೆ ಸೆರಗೊಡ್ಡಿದಳು. ಆಮೇಲೆ ಆ ಮನೆಯ ಮುದುಕಿ ಮಾಬೂಬಿಯ ಕಡೆ ತಿರುಗಿ, "ಏ ಆಯಾ, ಚೆಲ್ಲಿದ ಅಕ್ಕಿ ಬಳಿ" ಎಂದಳು. ಮಾಬೂಬಿ ಬಳಿದಳು.

ಅವತ್ತು ಸಂಜೆ ನನ್ನ ಒಲೆಯ ಮುಂದೆ ಬಂದು ಕೂತಳು. "ಖಣ ತಗೊಂಡು ನಾನೇನ್ ಮಾಡ್ಲಿ ಅತ್ತಿ? ಆಕಿ 'ನಾನಲ್ಲ' ಅನ್ಬೇಕಿತ್ತು. ಒಂದ ಮಾತು." ಹೊರಗೆ ಜಾರಿದ ಕೊಳ್ಳಿಯನ್ನು ಒಲೆಯೊಳಗೆ ತಳ್ಳಿದಳು. "ನಾನೂ ಓದ್ತೀನಿ."

ಹತ್ತನೇ ಕ್ಲಾಸಿನಲ್ಲಿ ಗಣಿತವೊಂದರಲ್ಲಿ ಡುಮ್ಕಿ ಹೊಡೆದು ಮದುವೆಯಾದವಳು. ಆಗ ಆಕೆಗೆ ಮೂವತ್ತೊಂದು ವರ್ಷ. ಮೊದಲು ಆ ಗಣಿತ ಪಾಸಾಗಬೇಕು, ಆಮೇಲೆ ಮನೆ ಬಿಟ್ಟು ಬಳ್ಳಾರಿಯ ಹಾಸ್ಟೆಲಿನಲ್ಲಿ ಒಂದೂವರೆ ವರ್ಷ ನರ್ಸಿನ ತರಬೇತಿ. ಕೆಲಸ ಬಿಟ್ಟು ಹೋದರೆ ಜಾಗ ಇರುವುದಿಲ್ಲ ಎಂದು ಡಾಕ್ಟರು ಮುಖದ ಮೇಲೇ ಹೇಳಿದ್ದರು. ನಪಾಸಾದರೆ ಅದೂ ಇಲ್ಲ, ಇದೂ ಇಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ನನಗೆ ತಿಳಿದಷ್ಟು ಹೇಳಿದೆ: "ಸುಮ್ಕಿರಲೇ. ವಿದ್ಯೆ ಕೈಯಾಗ ಐತಿ, ಕಾಗದ ಯಾಕ ಬೇಕು? ಸಣ್ಣ ಹುಡುಗ್ಯಾರ ಜೋಡಿ ಕುಂತ್ರ ಮಂದಿ ನಗ್ತಾರ."

"ಈಗೇನ್ ಅಳಾಕ ಹತ್ಯಾರೇನ್ರಿ ನನಗ?" ಎಂದಳು.

ಬಾಯಿ ಹಾಗಿದ್ದರೂ ಎರಡು ತಿಂಗಳು ತೀರ್ಮಾನ ಮಾಡಲಿಲ್ಲ. ಗಣಿತ ಪರೀಕ್ಷೆಗೆಂದು ತುಂಬಿದ ಅರ್ಜಿಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ನೆಲ ಒರೆಸುತ್ತಿದ್ದಳು. ಒಂದು ದಿನ ಹೋಗೇ ಹೋಗುತ್ತೇನೆ ಎನ್ನುವಳು, ಮರುದಿನ ಮಗಳ ಜಡೆ ಹೆಣೆಯುತ್ತಾ ಒಲ್ಲೆ ಎನ್ನುವಳು. ಕೊನೆಗೆ ಆಕೆಯ ಗಂಡ, ಪಂಪ್‌ಸೆಟ್ ರಿಪೇರಿಯ ಖಾಜಾಸಾಬ, ಗ್ರೀಸಿನ ಕೈಯಲ್ಲೇ ನನ್ನ ಹತ್ತಿರ ಬಂದ.

"ಅಮ್ಮಾರ, ನೀವಾರ ಹೇಳ್ರಿ ಆಕಿಗೆ."

"ಹೋಗಬ್ಯಾಡ ಅಂತ ಹೇಳೀನಪ್ಪ."

"ಯಾ ಖುದಾ! ಹೋಗು ಅಂತ ಹೇಳ್ರಿ! ರೊಟ್ಟಿ ನಾನ ಮಾಡ್ಕೊಂತೀನಿ, ಮಗಳನ್ನೂ ನೋಡ್ಕೊಂತೀನಿ. ಈ ಸಿಟ್ಟಿನ ಜೋಡಿ ಒಂದ ಮನ್ಯಾಗ ಇರಾಕ ಆಗವಲ್ದು ನನಗ."

ಗೋಡೆಯಾಚೆ ಪೊರಕೆಯ ಸದ್ದು ನಿಂತಿತು. ಮಾಬೂಬಿ ಬಂದು ಸೊಂಟದಿಂದ ಅರ್ಜಿ ತೆಗೆದು ಗಂಡನ ಮುಂದೆ ಹಿಡಿದಳು. "ಕೈ ಒರಸ್ಕೊಂಡು ಸಾಲಿಗೆ ಕೊಟ್ಟು ಬಾ." ನನ್ನನ್ನು ಯಾರೂ ಕೇಳಲಿಲ್ಲ. ಒಳ್ಳೆಯದೇ ಆಯಿತು, ನನ್ನ ಮಾತು ತಪ್ಪಾಗಿತ್ತು.

ಒಂಬತ್ತನೇ ಕ್ಲಾಸಿನ ಮಗಳು ರೇಷ್ಮಾ ಗಣಿತ ಹೇಳಿಕೊಟ್ಟಳು. ತಾಯಿ ಗೊಣಗಿದರೆ, "ಒದರಬ್ಯಾಡ ಅಮ್ಮೀ, ಲೆಕ್ಕ ಮಾಡು" ಎನ್ನುತ್ತಿತ್ತು ಆ ಪೋರಿ. ಗಣಿತ ಪಾಸಾಯಿತು. ಬಳ್ಳಾರಿಯ ಕೊನೆಯ ಪರೀಕ್ಷೆಯಲ್ಲಿ, ನೋವಿನ ನಡುವಿನ ಹೊತ್ತು ಹೇಗೆ ಅಳೆಯುತ್ತೀ ಎಂದು ಕೇಳಿದರಂತೆ. "ರೊಟ್ಟಿ ಲೆಕ್ಕದಾಗ್ರಿ" ಎಂದು ಬಾಯಿತಪ್ಪಿ ಬಂತು. ಹುಡುಗಿಯರೆಲ್ಲ ಕಿಸಕ್ಕೆಂದರು. ಪರೀಕ್ಷೆಯ ಮೇಡಂ ನಗಲಿಲ್ಲ. "ಒಂದು ರೊಟ್ಟಿಗೆ ಎಷ್ಟು ನಿಮಿಷ?"

"ಚುರುಕಿನಾಕಿ ಬಡದ್ರ ಒಂದೂವರಿ. ನಮ್ಮ ಅತ್ತಿ ಬಡದ್ರ ಎರಡು."

ನನ್ನ ಮಾನ ತೆಗೆದು ಪಾಸಾಗಿ ಬಂದಳು.

ಹೊಳಲಿನ ಆಚೆಯ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರಕ್ಕೆ ಆರ್ಡರು ಬಂತು. ಈಗ ಡಾಕ್ಟರೇ ಮನೆಗೆ ಬಂದು, ಸಿಸ್ಟರಾಗಿ ಇಲ್ಲೇ ಇರು ಎಂದರು. "ಇಲ್ಲಿ ಇದ್ರ ಮಂದಿ ಆಯಾ ಅಂತ ಕರಿಯೂದು ಬಿಡಂಗಿಲ್ಲ ಸಾಹೇಬ್ರ" ಎಂದು ಚಹಾ ಕುಡಿಸಿ ಕಳಿಸಿದಳು. ಮಧ್ಯಾಹ್ನ ಟೆಂಪೋದಲ್ಲಿ ಸಾಮಾನು ಹೇರಿ, "ಬರ್ತೀನ್ರಿ ಅತ್ತಿ" ಎಂದಳು. "ಹೋಗು, ಹೊತ್ತಾಗ್ತೈತಿ" ಎಂದೆ. ಆಮೇಲೆ ಆಕೆ ಕೊಟ್ಟೂರಿನಲ್ಲಿ ಮನೆ ಮಾಡಲೇ ಇಲ್ಲ.

ಆಕೆ ಹೋದ ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ಆರು ತಿಂಗಳ ಬಸುರಿ ಸೊಸೆಯನ್ನು ಎಬ್ಬಿಸಿ, ಹೊಳಲಿನ ಕಡೆ ಹೋಗೋಣ ಎಂದೆ.

"ದವಾಖಾನಿ ಗ್ವಾಡಿ ಹಿಂದ ಐತಲ್ಲ ಅತ್ತಿ, ಅಷ್ಟು ದೂರ ಯಾಕ?" ಎಂದಳು.

"ಸೀರಿ ಉಟ್ಕೋ" ಎಂದೆ.

ಮೊದಲ ಬಸ್ಸು ಹತ್ತಿ, ಹಡಗಲಿಯಲ್ಲಿ ಬಸ್ಸು ಬದಲಿಸಿ, ಆ ಉಪಕೇಂದ್ರದ ಕಟ್ಟೆಯ ಮೇಲೆ ಹೋಗಿ ಕೂತೆವು. ಆಮೇಲೆ ಮಾಬೂಬಿ ಬೀಗದ ಕೈ ಹಿಡಿದು ಬಂದಳು. ನಮ್ಮನ್ನು ನೋಡಿ ದಾರಿಯಲ್ಲೇ ನಿಂತುಬಿಟ್ಟಳು.

"ಏನ್ ನೋಡ್ತಿ?" ಎಂದೆ. "ಬಾಗ್ಲಾ ತಗಿ, ಸಿಸ್ಟರ್. ನಾವ ಮೊದಲು ಬಂದೀವಿ."