ಅತ್ತೆಯ ಸೀರೆ ಮತ್ತು ಪುಟ್ಟ ಡಿಶ್

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರು ಬೇರೆಲ್ಲೋ ಇದ್ದಾರೆಂದುಕೊಂಡಿದ್ದೆ; ನಮ್ಮ ಯಜಮಾನರೇ ಸಿಕ್ಕಿದರು.

ತೊಂಬತ್ತರ ದಶಕದಲ್ಲಿ ಮಲ್ಲಂದೂರಿನ ನಮ್ಮ ಮನೆಗೆ ದೊಡ್ಡ ಜಾಲರಿ ಡಿಶ್ ಬಂತು. ಮನೆಯ ಸುತ್ತ ಮರ. ಅಷ್ಟು ದೊಡ್ಡದನ್ನು ನಿಲ್ಲಿಸಲು ಬಯಲು ಸಿಕ್ಕಿದ್ದು ತೋಟದಾಚೆಯ ಕಾಫಿ ಕಣದಲ್ಲಿ. ಅಲ್ಲಿಂದ ಟಿವಿಯವರೆಗೆ ಮರದಿಂದ ಮರಕ್ಕೆ ಕಪ್ಪು ಕೇಬಲ್ ಕಟ್ಟಿದರು. ಪ್ರತಿ ವರ್ಷ ಮಳೆಗೆ ಮುಂಚೆ ಮರಗಸಿ ಮಾಡಿ ನೆರಳಿನ ಕೊಂಬೆ ಕಡಿಯುವಾಗ ಅವುಗಳ ಜೊತೆ ಕೇಬಲ್ಲೂ ತುಂಡಾಗಿ ಬೀಳುತ್ತಿತ್ತು. ಅದರ ನಡುವೆ ತಾಮ್ರದ ತಂತಿ, ಸುತ್ತ ಬಿಳಿ ಫೋಮ್, ಅದರ ಮೇಲೆ ಸಣ್ಣ ತಂತಿಗಳ ಬಲೆ. ಬಲೆ ಪೂರ್ತಿ ಮುಚ್ಚಿದ್ದರೆ ಮಾತ್ರ ಸಿಗ್ನಲ್ ಸೋರದೆ ಬರುತ್ತದೆ. ತುಂಡಾದರೆ ಕನೆಕ್ಟರ್ ಹಾಕಿಯೇ ಜೋಡಿಸಬೇಕು. ಯಜಮಾನರು ಕರೆಂಟ್ ವೈರಿನ ಹಾಗೆ ಹೊಸೆದು ಟೇಪ್ ಸುತ್ತುತ್ತಿದ್ದರು. ಮಳೆನೀರು ಒಳಗಿಳಿದು ಟಿವಿಯಲ್ಲಿ ಬರೀ ಚುಕ್ಕಿ.

ಕೊನೆಗೆ ಬೇಸತ್ತು, ಕೇಬಲ್ ಬದಲಾಯಿಸುವುದು ಬಿಟ್ಟು ಡಿಶ್ಶನ್ನೇ ಕೆಳಗಿನ ತೋಟದವರಿಗೆ ಕೊಟ್ಟುಬಿಟ್ಟರು. ಚಿಕ್ಕಮಗಳೂರಿನಿಂದ ಮೊರದಷ್ಟಗಲದ ಹೊಸದನ್ನು ತಂದು ನೀರಿನ ಟ್ಯಾಂಕಿನ ಮೇಲೆ ಕೂರಿಸಿದರು. ದೊಡ್ಡದು ಸಿ ಬ್ಯಾಂಡ್, ಅದರ ಉದ್ದನೆಯ ಅಲೆಗಳು ಮಳೆಗೆ ಜಗ್ಗುವುದಿಲ್ಲ; ಇದು ಕೆಯು ಬ್ಯಾಂಡ್. ಇದರ ಪುಟ್ಟ ಅಲೆಗಳನ್ನು ಜೋರು ಮಳೆ ನುಂಗಿಬಿಡುತ್ತದೆ. ಅಂಗಡಿಯವನು ಹೇಳಲಿಲ್ಲ, ಇವರು ಕೇಳಲಿಲ್ಲ. ಮಲ್ಲಂದೂರಿನಲ್ಲಿ ಜೋರಲ್ಲದ ಮಳೆ ಯಾವುದಿದೆ?

ಆ ವರ್ಷ ಆಷಾಢದ ಒಂದು ಸಂಜೆ ನಮ್ಮ ಮಹಿಳಾ ತಂಡದ ಹಾಡು ಟಿವಿಯಲ್ಲಿ ಬರುವುದಿತ್ತು. ಒಂದೇ ಸಲ. ಯಜಮಾನರು ಗೊಣಗಿದರೂ ನನ್ನನ್ನು ರೆಕಾರ್ಡಿಂಗಿಗೆ ಕಳಿಸಿದವರು ಅತ್ತೆ, ಅದೂ ತಮ್ಮ ಮದುವೆಯ ಸೀರೆ ಉಡಿಸಿ. ಅವರು ತಲೆ ಬಾಚಿಕೊಂಡು ಟಿವಿಯ ಮುಂದೆ ಕೂತರು. ನಿರೂಪಕಿ ನಮ್ಮ ತಂಡದ ಹೆಸರು ಹೇಳಿದಳು. ಮಳೆ ಹೊಯ್ಯಿತು. ಪರದೆ ಕಪ್ಪಾಯಿತು.

ಯಜಮಾನರು ಕೊಡೆ ಹಿಡಿದು ಟ್ಯಾಂಕ್ ಹತ್ತಿದರು.

"ಬಂತೇನೇ?"

"ಏನೂ ಬರ್ಲಿಲ್ಲ, ಇಳೀರಿ."

ಸಿಟ್ಟಿಗೆ ನನಗೆ ಅಳುವೇ ಬಂತು. ಮಳೆ ನಿಲ್ಲುವಷ್ಟರಲ್ಲಿ ಯಾರೋ ಅಡುಗೆ ಹೇಳಿಕೊಡುತ್ತಿದ್ದರು.

ಮರುದಿನ ಕೆಳಗಿನ ತೋಟದವರು ಬಂದರು. "ಅಕ್ಕ, ನಿಮ್ಮ ಹಾಡು ಭಾರಿ ಚೆನ್ನಾಗಿತ್ತು. ನಿಮ್ಮದೇ ಹಳೇ ಡಿಶ್ ಅಲ್ವಾ, ಕೇಬಲ್ ಮಾತ್ರ ಹೊಸ್ದು ಹಾಕ್ಸಿದ್ವಿ. ಅಷ್ಟು ಮಳೇಲೂ ಚೂರೂ ಕೆಡ್ಲಿಲ್ಲ."

ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. ಅವರನ್ನು ಏನೆನ್ನಬೇಕೆಂದು ನಾನು ಹುಡುಕುತ್ತಿರುವಾಗಲೇ ಅತ್ತೆ ಗೋಡೆ ಹಿಡಿದುಕೊಂಡು ಜಗಲಿಗೆ ಬಂದು, ಕೆಳಗಿನ ತೋಟದವರ ಪಕ್ಕದಲ್ಲೇ ಕೂತು ಕೇಳಿದರು.

"ನನ್ನ ಸೀರೆ ಕಾಣ್ತಿತ್ತಾ ಮಾರಾಯ?"