ನಸೀರ ಮುಚ್ಚಿದ ಅರಿಶಿನದ ಕೈ

ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ನನ್ನ ಬಳೆ ಅಂಗಡಿ, ಪಕ್ಕದಲ್ಲೇ ನಸೀರನ ಮುದ್ರಣದಂಗಡಿ. ಮೊದಲು ಅವನು ಫ್ಲೆಕ್ಸ್ ಬ್ಯಾನರ್ ಮಾಡುತ್ತಿದ್ದ. ಹುಟ್ಟುಹಬ್ಬದವರ ಮುಖಗಳನ್ನು ಆಳೆತ್ತರ ನಗಿಸುತ್ತಿದ್ದ. ಮರುವಾರ ಅವೇ ಮುಖಗಳು ಮೋರಿಯಲ್ಲಿ ಬಿದ್ದಿರುತ್ತಿದ್ದವು. “ನನ್ನ ಕೆಲ್ಸ ಬಾಳಂಗೇ ಇಲ್ರಿ ಕಾಕಾ” ಎಂದು ಗೊಣಗುತ್ತಿದ್ದವನು ಕೊನೆಗೆ ಅದನ್ನು ಮಾರಿ ಬಟ್ಟೆಗೆ ಬಣ್ಣ ಹಾಕುವ ಡಿಜಿಟಲ್ ಯಂತ್ರ ತಂದ. ಕೈ ಸುಟ್ಟುಕೊಳ್ಳುತ್ತಾನೆ ಎಂದುಕೊಂಡೆ. ನನ್ನ ಅಂದಾಜು ತಪ್ಪಿದ್ದಕ್ಕೆ ಈಗ ಖುಷಿಯಿದೆ.

ಅವನು ಹಳೆಯ ಸೀರೆಯ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕುತ್ತಾನೆ. ಎಲ್ಲೆಲ್ಲಿ ಕಲೆಯಿದೆಯೋ ಅಲ್ಲಲ್ಲಿಗೇ ಹೂವು, ಬಳ್ಳಿ ಕೂರುವಂತೆ ಚಿತ್ತಾರ ಬರೆಯುತ್ತಾನೆ. ಯಂತ್ರ ಅಷ್ಟಕ್ಕೇ ಬಣ್ಣ ಹಾಕುತ್ತದೆ. ಬಣ್ಣದ ನೀರು ಚರಂಡಿ ಸೇರುವುದಿಲ್ಲ, ಹೊಸ ಸೀರೆಯೂ ಬೇಕಾಗುವುದಿಲ್ಲ. ದುಬಲಗುಂಡಿ, ಹಳ್ಳಿಖೇಡದ ಹೆಂಗಸರು ಟ್ರಂಕಿನ ತಳದ ಸೀರೆಗಳನ್ನೆಲ್ಲ ಹೊತ್ತು ತರತೊಡಗಿದರು. ನಸೀರನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಬಸವಕಲ್ಯಾಣದ ಲಲಿತಾಬಾಯಿ ತಂದದ್ದು ತುಕ್ಕಿನ ಕಲೆಯಾದ ಬಿಳಿ ನೂಲಿನ ಸೀರೆ. ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಉಡಬೇಕಿತ್ತು. “ಕಲೆ ಎಲ್ಲಾ ಮುಚ್ಚಿಬಿಡ್ರಿ” ಎಂದು ಹೇಳಿ ಹೋದಳು. ತಿರುಗಿ ಬಂದವಳು ಹೂವು ನೋಡಿ ಹಿಗ್ಗಿದಳು. ಆ ಸೀರೆಯ ಸೆರಗು ಬಿಡಿಸಿದ್ದೇ ಅವಳ ಮುಖ ಬಿಳುಪಾಯಿತು.

“ಇಲ್ಲಿ ನಮ್ಮ ಪೂನಂ ಕೈ ಇತ್ತಲ್ರೀ, ಎಲ್ಲಿ ಹೋಯ್ತು?”

ಪೂನಂ ಅವಳ ಮಗಳು. ಮದುವೆಯಲ್ಲಿ ಅರಿಶಿನ ಹಚ್ಚಿದ ದಿನ ಅಳುತ್ತಾ ತಾಯಿಯನ್ನು ಅಪ್ಪಿದಾಗ ಆ ಸೆರಗಿನ ಮೇಲೆ ಅವಳ ಅಂಗೈ ಮೂಡಿತ್ತು. ಅದು ಮಾಸಬಾರದೆಂದು ಲಲಿತಾಬಾಯಿ ಸೀರೆಯನ್ನು ಒಮ್ಮೆಯೂ ಬಿಸಿಲಿಗೆ ಹಾಕಿರಲಿಲ್ಲ. ಈಗ ಅಲ್ಲೊಂದು ದೊಡ್ಡ ಕಮಲ ಕೂತಿತ್ತು.

“ಕಲೆ ಮುಚ್ರಿ ಅಂದಿದ್ರಲ್ರಿ…”

“ಮಗಳ ಕೈ ಕಲೆ ಹ್ಯಾಂಗ ಆಗ್ತದೋ ತಮ್ಮಾ?”

ನಸೀರನ ಮನೆಯ ಮದುವೆಗಳಲ್ಲೂ ಅರಿಶಿನ ಹಚ್ಚುತ್ತಾರೆ; ತಿಳಿಯದವನೇನಲ್ಲ. ಆದರೆ ಕಂಪ್ಯೂಟರಿನ ಪರದೆ ನೋಡಿ ನೋಡಿ ಅವನ ಕಣ್ಣಿಗೆ ಎಲ್ಲವೂ ಕಲೆಯೇ ಆಗಿತ್ತು. ಲಲಿತಾಬಾಯಿ ಜಗಳ ಮಾಡಲಿಲ್ಲ, ನನ್ನಂಗಡಿಯಲ್ಲಿ ಕೂತು ಅತ್ತಳು. ಬೈದಿದ್ದರೇ ವಾಸಿಯಿತ್ತು.

ಹಾಕಿದ ಬಣ್ಣ ತೆಗೆಯಲು ಬರುವುದಿಲ್ಲ. ನಸೀರ ಬಣ್ಣ ಹಾಕುವ ಮೊದಲು ತೆಗೆದಿದ್ದ ಫೋಟೊದಿಂದ ಆ ಕೈಯನ್ನು ತೆಳು ಬಟ್ಟೆಯ ತುಂಡಿಗೆ ಇಳಿಸಿದ, ಸೆರಗಿಗೆ ಹೊಲಿದುಕೊಳ್ಳಲಿ ಎಂದು. ಅದನ್ನು ಹಿಡಿದು ತೊಟ್ಟಿಲ ದಿನ ಬಸವಕಲ್ಯಾಣಕ್ಕೆ ಹೊರಟ. ನಾನೂ ಹೋದೆ, ಹೋಳಿಗೆಯ ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು.

ಕಮಲದ ಸೀರೆಯನ್ನೇ ಉಟ್ಟಿದ್ದ ಲಲಿತಾಬಾಯಿ ತುಂಡನ್ನು ಸವರಿ ನೋಡಿದಳು. “ಹಂಗೇ ಅದ… ಆದ್ರ ಇದು ಆಕಿ ಮುಟ್ಟಿದ್ದಲ್ಲಲ್ಲ” ಎಂದಳು. ನಸೀರ ತಲೆ ತಗ್ಗಿಸಿದ.

ಪೂನಂ ನಕ್ಕುಬಿಟ್ಟಳು. “ಯವ್ವಾ, ನಾ ಇಲ್ಲೇ ಅದೀನಲ್ಲ!” ಎಂದು ತನ್ನ ಕೂಸನ್ನು ನಸೀರನ ಕೈಗೆ ಕೊಟ್ಟು, ಅರಿಶಿನದ ಬಟ್ಟಲಲ್ಲಿ ಅಂಗೈ ಅದ್ದಿ, ತಾಯಿಯನ್ನು ಅಪ್ಪಿದಳು. ಕಮಲದ ನಟ್ಟನಡುವೆ ಐದು ಬೆರಳು ಮೂಡಿದವು. ಲಲಿತಾಬಾಯಿ ಮತ್ತೆ ಅತ್ತಳು, ಈ ಸಲ ನಗುತ್ತಾ.

ಅಷ್ಟರಲ್ಲಿ ಅರಿಶಿನ ಹಚ್ಚಿದ್ದ ಕೂಸಿನ ಪಾದ ನಸೀರನ ಬಿಳಿ ಕುರ್ತಾದ ಎದೆಗೆ ಬಡಿಯಿತು. ಯಾರೋ ಒರೆಸಲು ಓಡಿಬಂದರು. ಅವನು ಹಿಂದೆ ಸರಿದ.

“ಇರ್ಲಿ ಬಿಡ್ರಿ” ಎಂದ.

ಆ ಕುರ್ತಾವನ್ನು ತೊಳೆಯಲು ಅವನು ಹೆಂಡತಿ ಸೈಮಾಗೆ ಇನ್ನೂ ಕೊಟ್ಟಿಲ್ಲ. ಅಂಗಡಿಯ ಒಳಗೋಡೆಗೆ, ಬಿಸಿಲು ಬೀಳದ ಕಡೆ ತೂಗುಹಾಕಿದ್ದಾನೆ.